ಮೂರರ ಬುದ್ಧಿ, ಅರವತ್ತರ ಅರಳುಮರಳು: ಯಾವ ವಯಸ್ಸಿನಲ್ಲಿ ಮನಸ್ಸು ಏನು ಮಾಡುತ್ತಿರುತ್ತದೆ?

ಜಗಲಿಯ ಮೇಲೆ ಆರು ಗೋಟಡಿಕೆಯನ್ನು ಒಂದು ಸಾಲಿನಲ್ಲಿ ಇಡಿ. ಅದಕ್ಕೆ ಸರಿಯಾಗಿ ಎದುರಿಗೆ ಇನ್ನಾರು. ನಾಲ್ಕು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಎರಡೂ ಕಡೆ ಸಮ ಇದ್ಯಾ?’ ಎಂದು ಕೇಳಿದರೆ ‘ಹೂಂ’ ಎನ್ನುತ್ತದೆ. ಈಗ ಅದು ನೋಡುತ್ತಿರುವಂತೆಯೇ ಒಂದು ಸಾಲಿನ ಅಡಿಕೆಗಳನ್ನು ಒಂದಕ್ಕೊಂದು ದೂರ ಸರಿಸಿ, ಸಾಲನ್ನು ಉದ್ದ ಮಾಡಿ. ಮತ್ತೆ ಅದೇ ಪ್ರಶ್ನೆ ಕೇಳಿ. ‘ಇದ್ರಲ್ಲಿ ಜಾಸ್ತಿ’ ಎಂದು ಉದ್ದದ ಸಾಲಿನ ಮೇಲೆ ಬೆರಳಿಡುವ ಮಕ್ಕಳೇ ಹೆಚ್ಚು. ಎರಡನ್ನೂ ತಾನೇ ಎಣಿಸಿ ‘ಆರು’ ಎಂದ ಮೇಲೂ ಕೆಲವು ಮಕ್ಕಳು ಮಾತು ಬದಲಿಸುವುದಿಲ್ಲ. ಅದೇ ಮಗುವಿಗೆ ಏಳು ತುಂಬಿದ ಮೇಲೆ ಕೇಳಿ ನೋಡಿ, ‘ಸರಿಸಿದ್ದಷ್ಟೇ ಅಲ್ವಾ, ಹೊಸದೇನೂ ಹಾಕ್ಲಿಲ್ಲವಲ್ಲ’ ಎಂದು ನಿಮ್ಮ ಮುಖವನ್ನೇ ನೋಡುತ್ತದೆ.

ಈ ಬಗೆಯ ಆಟಗಳನ್ನು ಪ್ರಯೋಗವಾಗಿ ಮಾಡಿದವರು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980). ಮಕ್ಕಳ ಸರಿ ಉತ್ತರಕ್ಕಿಂತ ತಪ್ಪು ಉತ್ತರಗಳೇ ಅವರ ಕುತೂಹಲ ಕೆರಳಿಸಿದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಾರೆ ಎಂದರೆ ಅದನ್ನು ದಡ್ಡತನ ಎನ್ನಲಾಗದು. ಆ ವಯಸ್ಸಿನಲ್ಲಿ ಯೋಚನೆ ನಡೆಯುವ ರೀತಿಯೇ ಹಾಗೆ. 1974ರಲ್ಲಿ ಜೇಮ್ಸ್ ಮೆಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದಕ್ಕೊಂದು ತಿದ್ದುಪಡಿ ತಂದರು. ಸಾಲನ್ನು ದೊಡ್ಡವರು ಸರಿಸುವ ಬದಲು ಒಂದು ತುಂಟ ಕರಡಿ ಗೊಂಬೆ ಬಂದು ಕೆಡಿಸಿದಂತೆ ಮಾಡಿದಾಗ, ಸರಿ ಉತ್ತರ ಹೇಳುವ ಮಕ್ಕಳ ಸಂಖ್ಯೆ ಬಹಳ ಏರಿತು. ದೊಡ್ಡವರು ಬೇಕೆಂದೇ ಏನೋ ಮಾಡಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಉತ್ತರ ಬದಲಾಗಬೇಕೇನೋ ಎಂದು ಮಗು ಅಂದಾಜು ಕಟ್ಟುತ್ತದೆ. ಮನೆಯಲ್ಲಿ ಮಕ್ಕಳನ್ನು ‘ಪರೀಕ್ಷೆ’ ಮಾಡುವವರೆಲ್ಲ ಇದನ್ನು ನೆನಪಿಡಬೇಕು. ಮಗುವಿನ ಉತ್ತರದಲ್ಲಿ ಅದರ ಬುದ್ಧಿಯ ಜೊತೆಗೆ ನಮ್ಮ ಮುಖಭಾವವೂ ಸೇರಿರುತ್ತದೆ.

ಮನಸ್ಸು ಬೆಳೆಯುವುದರ ಬಗ್ಗೆ ನಮ್ಮ ಕಡೆ ಎರಡು ಗಾದೆ ಚಾಲ್ತಿಯಲ್ಲಿವೆ. ‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’ ಒಂದು, ‘ಅರವತ್ತಕ್ಕೆ ಅರಳುಮರಳು’ ಇನ್ನೊಂದು. ಮೂರಕ್ಕೇ ಮನಸ್ಸಿನ ಕೆಲಸ ಮುಗಿಯಿತು ಎನ್ನುತ್ತದೆ ಮೊದಲನೆಯದು. ಅರವತ್ತಕ್ಕೆ ಕೆಡಲು ಶುರು ಎನ್ನುತ್ತದೆ ಎರಡನೆಯದು. ಎರಡರಲ್ಲೂ ಒಂದಿಷ್ಟು ನಿಜ ಇದೆ. ಆದರೆ ಅವನ್ನೇ ನಂಬಿ ನಡೆದಾಗ ಆಗುವ ಹಾನಿ ಕಣ್ಣಿಗೆ ಕಾಣುವಂಥದ್ದು. ಎರಡು ವರ್ಷದ ಮಗುವಿನ ಹಠಕ್ಕೆ ಕೊಬ್ಬು ಎಂದು ಹೆಸರಿಟ್ಟು ಹೊಡೆಯುತ್ತೇವೆ. ಮಾತು ಬಾರದ ಮಗುವನ್ನು ‘ಗಂಡು ಹುಡುಗ್ರಿಗೆ ಮಾತು ತಡ’ ಎಂದು ನಾಲ್ಕು ವರ್ಷದವರೆಗೆ ಬಿಟ್ಟುಬಿಡುತ್ತೇವೆ. ಎಪ್ಪತ್ತೈದರ ಅಜ್ಜಿ ನಾಲ್ಕೇ ದಿನದಲ್ಲಿ ಗೊಂದಲಕ್ಕೆ ಬಿದ್ದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ವಯಸ್ಸಿಗೆ ಸಹಜವಾದದ್ದು ಯಾವುದು, ವೈದ್ಯರಿಗೆ ತೋರಿಸಲೇಬೇಕಾದದ್ದು ಯಾವುದು ಎಂಬ ಗೆರೆಯನ್ನು ಪ್ರತಿ ವಯಸ್ಸಿಗೂ ಬೇರೆ ಬೇರೆಯಾಗಿ ಎಳೆಯಬೇಕಾಗುತ್ತದೆ.

‘ತಟ್ಟೆ’ಯಲ್ಲಿರುವ ಎರಡು ಅಕ್ಷರ

ಹುಟ್ಟಿದ ಮಗುವಿನ ಮೆದುಳು ದೊಡ್ಡವರ ಮೆದುಳಿನ ಸುಮಾರು ಕಾಲು ಭಾಗ ತೂಗುತ್ತದೆ. ಎರಡು ವರ್ಷಕ್ಕೆ ಮುಕ್ಕಾಲು ಭಾಗ, ಆರು ವರ್ಷಕ್ಕೆ ಹತ್ತರಲ್ಲಿ ಒಂಬತ್ತು ಭಾಗ ಆಗಿರುತ್ತದೆ. ಈ ಅವಧಿಯಲ್ಲಿ ನರಕೋಶಗಳ ನಡುವೆ ಕೊಂಡಿಗಳು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹುಟ್ಟುತ್ತವೆ. ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಕೊಳ್ಳುತ್ತವೆ. ಅಡಿಕೆಯ ಹೂಗೊಂಚಲಾದ ಸಿಂಗಾರದಲ್ಲಿ ಕಟ್ಟಿದ ಮಿಳ್ಳೆಯೆಲ್ಲ ಕಾಯಾಗುವುದಿಲ್ಲವಲ್ಲ, ಹಾಗೆ. ಉದುರುವುದೂ ಬೆಳವಣಿಗೆಯ ಭಾಗವೇ.

ಇದಕ್ಕೆ ಕನ್ನಡಿಗರಿಗೆ ತಟ್ಟನೆ ಅರ್ಥವಾಗುವ ಸಾಕ್ಷಿ ಒಂದಿದೆ. ‘ತಟ್ಟೆ’ ಎನ್ನುವಾಗ ‘ತ’ ಹಲ್ಲಿನ ಹಿಂದೆ ಹುಟ್ಟುತ್ತದೆ, ‘ಟ’ ನಾಲಿಗೆ ಮಡಚಿ ಅಂಗುಳಕ್ಕೆ ತಾಗಿ ಹುಟ್ಟುತ್ತದೆ. ಇಂಗ್ಲಿಷ್ ಮಾತ್ರ ಆಡುವ ದೊಡ್ಡವರ ಕಿವಿಗೆ ಇವೆರಡರ ವ್ಯತ್ಯಾಸ ಸುಲಭವಾಗಿ ಸಿಗುವುದಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ಇದೇ ‘ತ’–‘ಟ’ ವ್ಯತ್ಯಾಸವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಹೋಗಿತ್ತು. ಮಗು ಮೊದಲ ಪದ ಆಡುವ ಮುಂಚೆಯೇ ತನ್ನ ಸುತ್ತಲಿನ ಭಾಷೆಗೆ ಕಿವಿ ಹದ ಮಾಡಿಕೊಂಡಿರುತ್ತದೆ.

ಹಾಗಾದರೆ ಟೀವಿ, ಮೊಬೈಲ್ ಮಾತಾಡುತ್ತಿದ್ದರೆ ಸಾಕಲ್ಲ? ಸಾಲದು. ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಹನ್ನೆರಡು ಸಲ ಚೀನೀ ಮ್ಯಾಂಡರಿನ್ ಕೇಳಿಸಿದರು (2003ರಲ್ಲಿ ಪ್ರಕಟ). ಎದುರಿಗೆ ಕೂತು ಆಟವಾಡಿಸುತ್ತಾ ಮಾತಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿ ಕಲಿತರು. ಅದೇ ಜನ, ಅದೇ ಮಾತು ಪರದೆಯ ಮೇಲೆ ಬಂದಾಗ ಏನೂ ಕಲಿಯಲಿಲ್ಲ. ಮಗುವಿಗೆ ಬೇಕಾದ್ದು ಮರುಮಾತು. ಸೊಂಟದ ಮೇಲೆ ಕೂತ ಕೂಸು ಕೊಟ್ಟಿಗೆ ಕಡೆ ಬೆರಳು ತೋರಿಸಿ ‘ಅಂ’ ಎಂದರೆ, ‘ಹೌದು, ದನ. ದನ ಹುಲ್ಲು ತಿಂತಾ ಇದೆ’ ಎನ್ನಿ. ಆಮೇಲೆ ಕೆಲವು ಸೆಕೆಂಡು ಸುಮ್ಮನಿರಿ. ಮಗು ಇನ್ನೊಮ್ಮೆ ‘ಅಂ’ ಎನ್ನಲು ಅಷ್ಟು ಜಾಗ ಬೇಕು. ನಾವು ಮಾಡುವ ತಪ್ಪೆಂದರೆ ಆ ಜಾಗವನ್ನೂ ನಮ್ಮ ಮಾತಿನಿಂದಲೇ ತುಂಬಿಬಿಡುವುದು, ಇಲ್ಲವೇ ತುತ್ತು ಇಳಿಯಲೆಂದು ಮೊಬೈಲ್ ಹಿಡಿಸುವುದು. ಎರಡು ವರ್ಷದ ಒಳಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಮಲೆನಾಡಿನ ಒಂಟಿಮನೆಗಳಿಗೆ ಈ ಮಾತು ಇನ್ನೂ ಮುಖ್ಯ. ಬಯಲುಸೀಮೆಯ ಕೇರಿಯಲ್ಲಿ ಮಗು ಹೊಸ್ತಿಲು ದಾಟಿದರೆ ಹತ್ತು ಮಕ್ಕಳ ಗಲಾಟೆ ಸಿಗುತ್ತದೆ. ಇಲ್ಲಿ ಪಕ್ಕದ ಮನೆಗೆ ಹೋಗಲು ತೋಟ, ಹಳ್ಳ ದಾಟಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ವಾರಕ್ಕೆ ಎರಡು ಮೂರು ದಿನವಾದರೂ ಬೇರೆ ಮಕ್ಕಳ ಜೊತೆ ಬಿಡುವ ವ್ಯವಸ್ಥೆಯನ್ನು ಮನೆಯವರೇ ಮಾಡಬೇಕಾಗುತ್ತದೆ. ಮೂರು ತುಂಬಿದ ಮಗುವಿಗೆ ಅಂಗನವಾಡಿಯಲ್ಲಿ ಸಿಗುವ ದೊಡ್ಡ ಲಾಭ ಅಕ್ಷರಕ್ಕಿಂತ ಇದೇ.

ಮನೆಯಲ್ಲಿ ಹವ್ಯಕ ಮಾತು, ಕೊಂಕಣಿ, ತುಳು ಅಥವಾ ಉರ್ದು, ಅಂಗನವಾಡಿಯಲ್ಲಿ ಬೇರೆ ಕನ್ನಡ ಎಂಬ ಕಾರಣಕ್ಕೆ ಮಾತು ತಡವಾಗುವುದಿಲ್ಲ. ಎರಡನ್ನೂ ಬೆರೆಸಿ ಆಡುವುದು ಸಹಜ. ಪದ ಎಷ್ಟು ಬಂದಿದೆ ಎಂದು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಬೇಕು. ತೋರಿಸಬೇಕಾದ ಲಕ್ಷಣಗಳು ಇವು: ಹನ್ನೆರಡು ತಿಂಗಳಾದರೂ ತೊದಲು ದನಿ, ಬೆರಳು ತೋರಿಸುವುದು, ಟಾಟಾ ಮಾಡುವುದು ಇಲ್ಲ, ಹದಿನಾರು ತಿಂಗಳಿಗೆ ಒಂದೂ ಪದ ಇಲ್ಲ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಡ’ ಎಂಬಂತೆ ಎರಡು ಪದ ಸ್ವಂತವಾಗಿ ಕೂಡಿಸುತ್ತಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ. ಬಂದಿದ್ದ ಮಾತು, ಆಟ ಯಾವ ವಯಸ್ಸಿನಲ್ಲೇ ಹಿಂದಕ್ಕೆ ಹೋದರೂ ಒಂದು ವಾರವೂ ಕಾಯಬಾರದು. ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಶುರು ಮಾಡಬಹುದು.

ಅಂಟಿಕೊಳ್ಳುವ ಮಗು, ಬಾಣಂತಿ ತಾಯಿ

ಆರು ತಿಂಗಳಲ್ಲಿ ಯಾರ ಕೈಗೆ ಕೊಟ್ಟರೂ ಹೋಗುತ್ತಿದ್ದ ಮಗು ಒಂಬತ್ತಕ್ಕೆ ಸೋದರಮಾವನನ್ನು ಕಂಡರೂ ಚೀರುತ್ತದೆ. ‘ಅಭ್ಯಾಸ ಕೆಡಿಸಿದ್ದೀರಿ’ ಎಂದು ನೆಂಟರು ತಾಯಿಯನ್ನು ದೂರುತ್ತಾರೆ. ಕೆಟ್ಟದ್ದು ಏನೂ ಇಲ್ಲ. ತನ್ನವರು ಯಾರು ಎಂಬ ಚಿತ್ರ ಮಗುವಿನ ತಲೆಯಲ್ಲಿ ಗಟ್ಟಿಯಾಯಿತು ಎಂಬುದಕ್ಕೆ ಅದು ಗುರುತು. ಬ್ರಿಟಿಷ್ ಮನೋವೈದ್ಯ ಜಾನ್ ಬೋಲ್ಬಿ ಈ ಬೆಸುಗೆಯನ್ನು ಹಸಿವಿನಷ್ಟೇ ಮೂಲಭೂತ ಅಗತ್ಯ ಎಂದು ಕಂಡರು. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಗಮನಿಸಿದ್ದು, ತಾಯಿ ಹೋದಾಗ ಮಗು ಅಳುತ್ತದೆಯೇ ಎಂಬುದಕ್ಕಿಂತ ತಾಯಿ ಮರಳಿದಾಗ ಅದು ಬೇಗ ಸಮಾಧಾನವಾಗಿ ಆಟಕ್ಕೆ ಹಿಂದಿರುಗುತ್ತದೆಯೇ ಎಂಬುದನ್ನು. ಹಾಗಾಗಿ ತೋಟಕ್ಕೋ ಕೆಲಸಕ್ಕೋ ಹೊರಡುವಾಗ ಮಗುವಿನ ಕಣ್ಣು ತಪ್ಪಿಸಿ ಹಿತ್ತಿಲ ಬಾಗಿಲಿಂದ ಹೋಗಬೇಡಿ. ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಆ ದಿನ ಅಳು ಹೆಚ್ಚು. ತಿಂಗಳ ಲೆಕ್ಕದಲ್ಲಿ ಕಡಿಮೆ. ಕದ್ದು ಹೋದರೆ ಮಗು ಇಡೀ ದಿನ ಬಾಗಿಲು ಕಾಯುವುದನ್ನು ಕಲಿಯುತ್ತದೆ.

ಇಲ್ಲಿ ತಾಯಿಯ ಮನಸ್ಸಿನ ಮಾತು ಬರಲೇಬೇಕು. ಹೆರಿಗೆಯಾದ ಮೂರು ನಾಲ್ಕನೇ ದಿನ ಬರುವ ಅಳು, ಬೇಸರ ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಎರಡು ವಾರ ಮೀರಿಯೂ ಮಂಕು ಹೋಗದಿದ್ದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೇ ಮನಸ್ಸಿಲ್ಲದಿದ್ದರೆ ಅದು ಬಾಣಂತಿ ಖಿನ್ನತೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಇದು ನೂರರಲ್ಲಿ ಸುಮಾರು 22 ತಾಯಂದಿರಿಗೆ ಇತ್ತು. ಬಾಣಂತಿ ಕೋಣೆಯಲ್ಲಿ ಎಣ್ಣೆ, ಬಿಸಿನೀರು, ಮೆಣಸಿನ ಸಾರು ಎಲ್ಲದರ ಲೆಕ್ಕ ಇಡುವ ಮನೆಗಳಲ್ಲೂ ‘ನಿದ್ದೆ ಬರ್ತಾ ಇದ್ಯಾ, ಮನಸ್ಸು ಹೇಗಿದೆ?’ ಎಂದು ಕೇಳುವವರು ಇರುವುದಿಲ್ಲ. ಚಿಕಿತ್ಸೆ ಇದೆ. ಹಾಲೂಡಿಸುವಾಗ ಕೊಡಬಹುದಾದ ಔಷಧಿಯೂ ಇದೆ. ಅಪರೂಪಕ್ಕೆ ಬಾಣಂತಿ ನಿದ್ದೆಯೇ ಇಲ್ಲದೆ ಅಸಂಬದ್ಧ ಮಾತಾಡತೊಡಗಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ‘ಗಾಳಿ ಸೋಕಿದೆ’ ಎಂದು ಅಂತ್ರ ಕಟ್ಟಿಸಿಕೊಂಡು ಕೂರಬಾರದು.

ಹಠ

ಒಂದೂವರೆಯಿಂದ ಮೂರೂವರೆ ವರ್ಷದವರೆಗೆ ಮಗುವಿಗೆ ‘ನಾನು’ ಎಂಬುದು ಹೊಸ ವಸ್ತು. ಹದಿನೆಂಟು ತಿಂಗಳ ಆಸುಪಾಸಿನಲ್ಲಿ ಕನ್ನಡಿಯೊಳಗಿನ ಮಗು ತಾನೇ ಎಂದು ಅದಕ್ಕೆ ತಿಳಿಯುತ್ತದೆ. ಮೂಗಿಗೆ ಕುಂಕುಮ ಹಚ್ಚಿ ಕನ್ನಡಿ ಮುಂದೆ ನಿಲ್ಲಿಸಿದರೆ ಕನ್ನಡಿಯನ್ನು ಮುಟ್ಟದೆ ತನ್ನ ಮೂಗನ್ನೇ ಮುಟ್ಟಿಕೊಳ್ಳುತ್ತದೆ. ‘ನಾನು’ ಬಂದ ಮೇಲೆ ‘ಬೇಡ’ ಬರಲೇಬೇಕು. ಮನೋವಿಜ್ಞಾನಿ ಎರಿಕ್ ಎರಿಕ್ಸನ್ 1950ರಲ್ಲಿ ಮುಂದಿಟ್ಟ, ಬದುಕಿನ ಎಂಟು ಘಟ್ಟಗಳಲ್ಲಿ ಎರಡನೆಯದು ಇದೇ: ಸ್ವಂತಿಕೆ ಒಂದು ಕಡೆ, ನಾಚಿಕೆ ಮತ್ತು ಸಂಶಯ ಇನ್ನೊಂದು ಕಡೆ.

ಆಸೆ ದೊಡ್ಡದು, ಮಾತು ಸಾಲದು, ಆಸೆಯನ್ನು ತಡೆಹಿಡಿಯುವ ಮೆದುಳಿನ ಮುಂಭಾಗ ಇನ್ನೂ ಎಳಸು. ಆದ್ದರಿಂದ ಮಗು ನೆಲಕ್ಕೆ ಬಿದ್ದು ಒದ್ದಾಡುತ್ತದೆ. ಇಂಥ ರಂಪಾಟ ಸಾಮಾನ್ಯವಾಗಿ ಐದು ನಿಮಿಷದೊಳಗೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ಉಪದೇಶ ಕೆಲಸ ಮಾಡುವುದಿಲ್ಲ. ಹತ್ತಿರ ಕೂರಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ, ‘ಸಿಟ್ಟು ಬಂದಿದೆ, ಬೆಲ್ಲ ಬೇಕಿತ್ತು’ ಎಂದು ಅದರ ಭಾವನೆಗೆ ಹೆಸರು ಕೊಡಿ. ಬೆಲ್ಲ ಮಾತ್ರ ಕೊಡಬೇಡಿ. ಅಳು ಇಳಿದ ಮೇಲೆ ಎತ್ತಿಕೊಂಡು ಬೇರೆ ಕೆಲಸಕ್ಕೆ ಹಚ್ಚಿ. ಹಸಿವು, ನಿದ್ದೆ, ಅವಸರ ಈ ಮೂರು ಇದ್ದಾಗಲೇ ಹಠ ಹೆಚ್ಚು. ಹೊರಡುವ ಐದು ನಿಮಿಷ ಮೊದಲೇ ‘ಇನ್ನು ಹೊರಡ್ತೀವಿ’ ಎಂದರೆ ಅರ್ಧ ತಪ್ಪುತ್ತದೆ.

ಕೂಡುಕುಟುಂಬದಲ್ಲಿ ಇದು ಕೆಡುವ ಜಾಗ ಒಂದೇ. ಐದು ಸಲ ಅಮ್ಮ ಕೊಡುವುದಿಲ್ಲ, ಆರನೇ ಸಲ ಅಜ್ಜಿ ‘ಪಾಪ, ಎಷ್ಟು ಅಳ್ತದೆ’ ಎಂದು ಕೊಡುತ್ತಾರೆ. ಪ್ರತಿ ಸಲ ಕೊಟ್ಟಿದ್ದರೂ ಹಠ ಇಷ್ಟು ಬಲಿಯುತ್ತಿರಲಿಲ್ಲ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನ ಬಿಡಿಸಲಾಗದ ಅಭ್ಯಾಸ ಕಟ್ಟುತ್ತದೆ. ಲಾಟರಿ ಹಿಡಿಸುವ ಹುಚ್ಚಿನ ಹಿಂದೆಯೂ ಇದೇ ನಿಯಮ ಇದೆ. ಏನು ಕೊಡಬಾರದು ಎಂಬುದನ್ನು ದೊಡ್ಡವರೆಲ್ಲ ಮಗುವಿನ ಎದುರು ಅಲ್ಲದೆ ಬೇರೆ ಹೊತ್ತಿನಲ್ಲಿ ಕೂತು ಮಾತಾಡಿಕೊಳ್ಳಬೇಕು. ಹಠ ಮೇಲಿಂದ ಮೇಲೆ ಅರ್ಧ ಗಂಟೆ ನಡೆದರೆ, ಮಗು ತನ್ನನ್ನೇ ಕಚ್ಚಿಕೊಂಡರೆ, ಐದು ದಾಟಿದರೂ ದಿನವೂ ಇದೇ ಆದರೆ ತೋರಿಸಿ.

ನಾಲ್ಕರ ಹೊತ್ತಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ತಂಗಿ ಬೆಲ್ಲದ ಚೂರನ್ನು ಡಬ್ಬಿಯಲ್ಲಿಟ್ಟು ಬಚ್ಚಲಿಗೆ ಹೋದಳು, ಅಣ್ಣ ಅದನ್ನು ತೆಗೆದು ಮಡಕೆಯಲ್ಲಿಟ್ಟ. ತಂಗಿ ಬಂದು ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಗು ‘ಮಡಕೇಲಿ’ ಎನ್ನುತ್ತದೆ, ತನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಎಂಬ ಎಣಿಕೆಯಲ್ಲಿ. ನಾಲ್ಕು ದಾಟಿದ ಮಗು ‘ಡಬ್ಬೀಲಿ’ ಎನ್ನುತ್ತದೆ. ಇನ್ನೊಬ್ಬರ ತಲೆಯಲ್ಲಿ ತನ್ನದಲ್ಲದ ಇನ್ನೊಂದು ಲೋಕ ಇದೆ ಎಂದು ಅದಕ್ಕೆ ಗೊತ್ತಾಯಿತು. ಮಕ್ಕಳು ನಿಭಾಯಿಸಿಕೊಂಡು ಸುಳ್ಳು ಹೇಳಲು ಕಲಿಯುವುದೂ ಈ ಕಾಲದಲ್ಲೇ. ಮೊದಲ ಸುಳ್ಳಿಗೆ ಬೆತ್ತ ಹಿಡಿದರೆ ಮಗು ಸತ್ಯ ಕಲಿಯುವುದಿಲ್ಲ, ಸಿಕ್ಕಿಬೀಳದಂತೆ ಸುಳ್ಳಾಡುವುದನ್ನು ಕಲಿಯುತ್ತದೆ.

ಮಾಲೆ ಕಟ್ಟುವ ಪಾಠ

ಆರರಿಂದ ಹನ್ನೊಂದರ ನಡುವಿನ ಮಗುವಿನ ಪ್ರಶ್ನೆ ಒಂದೇ: ನನ್ನ ಕೈಯಿಂದ ಏನಾದರೂ ಆಗುತ್ತದೆಯೇ? ತನ್ನನ್ನು ಬೇರೆಯವರ ಜೊತೆ ಹೋಲಿಸಿಕೊಳ್ಳುವುದು ಏಳೆಂಟರಲ್ಲಿ ಜೋರಾಗುತ್ತದೆ. ಆಗ ಬೇಕಾದ್ದು ಹೊಗಳಿಕೆಗಿಂತ ಹೆಚ್ಚಾಗಿ ಸರಿಯಾದ ಎತ್ತರದ ಕೆಲಸ. ರಷ್ಯಾದ ಲೆವ್ ವಿಗಾಟ್‌ಸ್ಕಿ (1896–1934) ಹೇಳಿದ್ದು ಇದನ್ನೇ: ಮಗು ಒಂಟಿಯಾಗಿ ಮಾಡಲಾಗದ, ಆದರೆ ತಿಳಿದವರು ಜೊತೆಗಿದ್ದರೆ ಮಾಡಬಲ್ಲ ಕೆಲಸದಲ್ಲೇ ಕಲಿಕೆ ನಡೆಯುತ್ತದೆ.

ಬಾಳೆನಾರಿನಲ್ಲಿ ಮಾಲೆ ಕಟ್ಟಲು ಕಲಿಸುವ ಅಜ್ಜಿಯನ್ನು ನೋಡಿ. ಮೊದಲ ದಿನ ನಾರು ನೆನೆಸಿ ಎಳೆ ಸೀಳಿದವರೂ ಗಂಟು ಹಾಕುವವರೂ ಅಜ್ಜಿಯೇ. ಹೂವನ್ನು ಎರಡೆರಡು ತೊಟ್ಟು ಜೋಡಿಸಿ ಕೊಡುವುದಷ್ಟೇ ಮೊಮ್ಮಗಳ ಕೆಲಸ. ನಾಲ್ಕು ದಿನದ ಮೇಲೆ ಹೂ ಇಡುವುದು ಅವಳು, ನಾರಿನ ಕುಣಿಕೆ ಸುತ್ತುವುದು ಅಜ್ಜಿ. ಆಮೇಲೆ ಕುಣಿಕೆಯೂ ಅವಳದು, ಎಳೆದು ಬಿಗಿ ಮಾಡುವ ಹೊತ್ತಿಗೆ ಮಾತ್ರ ಅಜ್ಜಿಯ ಹೆಬ್ಬೆರಳು ಬಂದು ತೊಟ್ಟನ್ನು ಒತ್ತಿ ಹಿಡಿಯುತ್ತದೆ. ಜೋರಾಗಿ ಎಳೆದರೆ ತೊಟ್ಟು ತುಂಡಾಗುತ್ತದೆ, ಸಡಿಲ ಬಿಟ್ಟರೆ ಹೂ ಜಾರುತ್ತದೆ. ಒಂದು ದಿನ ಆ ಹೆಬ್ಬೆರಳೂ ಹಿಂದೆ ಸರಿಯುತ್ತದೆ. ಲೆಕ್ಕ ಕಲಿಸುವುದಾಗಲಿ, ಓದು ಕಲಿಸುವುದಾಗಲಿ ಇದೇ ಕ್ರಮ. ಎರಡು ಕಡೆ ತಪ್ಪುತ್ತೇವೆ: ಪೂರ್ತಿ ನಾವೇ ಮಾಡಿಕೊಡುತ್ತೇವೆ, ಇಲ್ಲವೇ ಮೊದಲ ದಿನವೇ ಪೂರ್ತಿ ಬಿಟ್ಟು ‘ನಿಂಗೆ ಬರಲ್ಲ’ ಎನ್ನುತ್ತೇವೆ. ಮೂರನೇ ತರಗತಿ ಮುಗಿದರೂ ಅಕ್ಷರ ಕೂಡಿಸಿ ಓದಲು ಕಷ್ಟಪಡುವ, ಮಾತಿನಲ್ಲಿ ಮಾತ್ರ ಚುರುಕಾಗಿರುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. ಅದಕ್ಕೆ ಬೈಗುಳ ಮದ್ದಲ್ಲ. ಕಣ್ಣು, ಕಿವಿ, ಆಮೇಲೆ ಕಲಿಕೆಯ ಪರೀಕ್ಷೆ ಆಗಬೇಕು.

ಹದಿಹರೆಯ

ಹದಿಹರೆಯದ ಮೆದುಳಿನಲ್ಲಿ ಎರಡು ಗಡಿಯಾರ ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ಸುಖ, ಉದ್ವೇಗ, ಗೆಳೆಯರ ಮೆಚ್ಚುಗೆಗೆ ಸ್ಪಂದಿಸುವ ಭಾಗ ಪ್ರಾಯ ಬಂದೊಡನೆ ಚುರುಕಾಗುತ್ತದೆ. ಮುಂದಾಲೋಚನೆ ಮಾಡಿ ತಡೆಯುವ ಮುಂಭಾಗ ಮಾಗುವುದು ಇಪ್ಪತ್ತೈದರ ಆಸುಪಾಸಿಗೆ. ಹಾಗೆಂದು ಹದಿನಾರರವರಿಗೆ ಅಪಾಯ ಗೊತ್ತಿಲ್ಲ ಎಂದಲ್ಲ. ಒಬ್ಬರೇ ಕೂತಾಗ ದೊಡ್ಡವರಷ್ಟೇ ಚೆನ್ನಾಗಿ ಯೋಚಿಸುತ್ತಾರೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರಿನ ವಾಹನ ಓಡಿಸುವ ಆಟದಲ್ಲಿ ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಬಹಳ ಏರಿತು, ದೊಡ್ಡವರದ್ದು ಏರಲಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಒಬ್ಬನೇ ಹೋಗುವ ಹುಡುಗನಿಗೂ ಹಿಂದೆ ಇಬ್ಬರನ್ನು ಕೂರಿಸಿಕೊಂಡ ಅದೇ ಹುಡುಗನಿಗೂ ಇರುವ ವ್ಯತ್ಯಾಸ ಇದು. ‘ಹುಷಾರು’ ಎನ್ನುವುದಕ್ಕಿಂತ ‘ಬೈಕಿನಲ್ಲಿ ಯಾರನ್ನೂ ಕೂರಿಸಬೇಡ’ ಎಂಬ ಒಂದು ಸ್ಪಷ್ಟ ನಿಯಮ ಹೆಚ್ಚು ಕಾಯುತ್ತದೆ.

ನಿದ್ದೆಯದೂ ದೇಹದ್ದೇ ಕಾರಣ. ನಿದ್ದೆ ತರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ, ಬೇಕಾಗುವ ನಿದ್ದೆ ಮಾತ್ರ ಎಂಟರಿಂದ ಹತ್ತು ಗಂಟೆ. ಬೆಳಗಿನ ಬಸ್ಸು ಹಿಡಿದು ತೀರ್ಥಹಳ್ಳಿಗೋ ಸಾಗರಕ್ಕೋ ಹೋಗುವ ಪಿಯುಸಿ ಮಕ್ಕಳು ಆರು ಗಂಟೆಗೆ ಏಳುತ್ತಾರೆ. ಬಸ್ಸಿನ ಹೊತ್ತು ನಮ್ಮ ಕೈಯಲ್ಲಿಲ್ಲ. ರಾತ್ರಿ ಹತ್ತಕ್ಕೆ ಮೊಬೈಲನ್ನು ಜಗಲಿಯಲ್ಲಿ ಚಾರ್ಜಿಗಿಡುವುದು ಇದೆ. ಮನೆಯ ದೊಡ್ಡವರೂ ಅಲ್ಲೇ ಇಟ್ಟರೆ ಮಾತ್ರ ಅದು ನಡೆಯುತ್ತದೆ.

‘ನಾನು ಯಾರು?’ ಎಂಬ ಹುಡುಕಾಟ ಇಲ್ಲಿ ಶುರುವಾಗಿ ಇಪ್ಪತ್ತರ ದಶಕದವರೆಗೂ ಹೋಗುತ್ತದೆ. 1966ರಲ್ಲಿ ಜೇಮ್ಸ್ ಮಾರ್ಷಿಯ ಇದರಲ್ಲಿ ಒಂದು ಸ್ಥಿತಿಯನ್ನು ಗುರುತಿಸಿದರು: ಹುಡುಕದೆಯೇ ಒಪ್ಪಿಕೊಂಡದ್ದು. ಒಬ್ಬನೇ ಮಗ, ‘ತೋಟ ಯಾರು ನೋಡ್ಕೊಳ್ಳೋದು?’ ಎಂಬ ಮಾತಿನಲ್ಲೇ ತೀರ್ಮಾನ ಆಗಿರುತ್ತದೆ. ತೋಟ ನೋಡಿಕೊಳ್ಳುವುದು ತಪ್ಪು ದಾರಿ ಅಲ್ಲ. ಎರಡು ವರ್ಷ ಹೊರಗಿದ್ದು, ತೂಗಿ ನೋಡಿ, ತಾನಾಗಿ ಮರಳಿದವನು ಮತ್ತು ಬೇರೆಯದನ್ನು ಯೋಚಿಸಲೂ ಅವಕಾಶವಿಲ್ಲದೆ ಉಳಿದವನು ಒಂದೇ ತೋಟದಲ್ಲಿ ಬೇರೆ ಬೇರೆ ಬದುಕು ಬದುಕುತ್ತಾರೆ.

ಜೀವನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಹದಿನೆಂಟರೊಳಗೆ ತಲೆ ಎತ್ತುತ್ತವೆ. ಸಿಡುಕು, ಬಾಗಿಲು ಹಾಕಿಕೊಳ್ಳುವುದು ಸಹಜ. ಎರಡು ವಾರ ಬಿಡದೆ ಮಂಕಾಗಿದ್ದು ಮೊದಲು ಇಷ್ಟವಿದ್ದ ಆಟ, ಗೆಳೆಯರು ಯಾವುದೂ ಬೇಡವಾದರೆ, ಅಂಕ ದಿಢೀರ್ ಕುಸಿದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ‘ನಾನಿಲ್ಲದಿದ್ರೆ ಒಳ್ಳೇದು’ ಎಂಬ ಮಾತು ಬಂದರೆ ಅದು ಸಹಜವಲ್ಲ. ‘ಸಾಯಬೇಕು ಅನ್ನಿಸ್ತಾ ಇದ್ಯಾ?’ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ತೋಟದ ಮನೆಗಳಲ್ಲಿ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಒಬ್ಬರೇ ಇಟ್ಟುಕೊಳ್ಳುವುದು. ತೀವ್ರ ಯೋಚನೆಯ ಗಳಿಗೆ ಹೆಚ್ಚಾಗಿ ಹಾದುಹೋಗುವಂಥದ್ದು. ಆ ಹೊತ್ತಿಗೆ ಕೈಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗಳೂ ಇವೆ.

ನಡುವಯಸ್ಸು

ಮೊದಲ ಗಾದೆಗೆ ಉತ್ತರ ಸಿಗುವುದು ಇಲ್ಲಿ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರದಷ್ಟು ಮಕ್ಕಳನ್ನು ಇಂದಿಗೂ ಹಿಂಬಾಲಿಸಿ ಅಧ್ಯಯನ ಮಾಡುತ್ತಿದ್ದಾರೆ. ಮೂರು ವರ್ಷದಲ್ಲಿ ಕಂಡ ಸ್ವಭಾವದ ಛಾಯೆ ಇಪ್ಪತ್ತಾರರಲ್ಲೂ ಕಂಡಿತು. ಗಾದೆ ಅಷ್ಟರ ಮಟ್ಟಿಗೆ ಗೆದ್ದಿತು. ಆದರೆ ಸ್ವಭಾವ ಹೆಚ್ಚು ಬದಲಾಗುವ ಕಾಲ ಇಪ್ಪತ್ತರಿಂದ ನಲವತ್ತು ಎಂಬುದೂ ಅನೇಕ ದೇಶಗಳ ಅಧ್ಯಯನಗಳಿಂದ ಗೊತ್ತಾಗಿದೆ. ಜವಾಬ್ದಾರಿ ಹೊರುತ್ತಾ ಜನ ಹೆಚ್ಚು ಶಿಸ್ತಿನವರೂ ಸಮಾಧಾನಿಗಳೂ ಆಗುತ್ತಾರೆ. ಎರಿಕ್ಸನ್ ಪ್ರಕಾರ ನಡುವಯಸ್ಸಿನ ಹಸಿವು ಮುಂದಿನವರಿಗೆ ಏನನ್ನಾದರೂ ಬೆಳೆಸಿಕೊಡುವುದು. ಅದಕ್ಕೆ ಸ್ವಂತ ಮಕ್ಕಳೇ ಇರಬೇಕೆಂದಿಲ್ಲ. ಕೃಷಿ ಮಾಡುತ್ತಾರೆ ಎಂಬ ಕಾರಣಕ್ಕೆ ಮದುವೆಯಾಗದೆ ನಲವತ್ತು ತಲುಪಿದ ಗಂಡಸರು ಇಂದು ಮಲೆನಾಡಿನ ಊರೂರಿನಲ್ಲಿದ್ದಾರೆ. ಅವರನ್ನು ಮದುವೆಮನೆಗಳಲ್ಲಿ ‘ಇನ್ನೂ ಆಗ್ಲಿಲ್ವಾ?’ ಎಂದು ಕೇಳುವ ಬದಲು ಸಂಘ, ಶಾಲೆ, ತಾಳಮದ್ದಲೆಯ ಕೆಲಸಕ್ಕೆ ಕರೆಯುವುದು ನಿಜವಾದ ಉಪಕಾರ.

ಅರವತ್ತರ ಮೇಲೆ

ಬುದ್ಧಿ ಒಂದೇ ವಸ್ತುವಲ್ಲ. ರೇಮಂಡ್ ಕ್ಯಾಟಲ್ ಮತ್ತು ಜಾನ್ ಹಾರ್ನ್ ಅದನ್ನು ಎರಡಾಗಿ ನೋಡಿದರು. ಹೊಸ ಸಮಸ್ಯೆಯನ್ನು ಬೇಗ ಬಿಡಿಸುವ ಚುರುಕು ಒಂದು. ಅದು ಮೂವತ್ತರಿಂದಲೇ ನಿಧಾನಕ್ಕೆ ಇಳಿಯುತ್ತದೆ. ಅನುಭವದಿಂದ ಸಂಚಯವಾದ ತಿಳಿವಳಿಕೆ ಇನ್ನೊಂದು. ಅದು ಅರವತ್ತು ದಾಟುವವರೆಗೂ ಏರುತ್ತದೆ ಅಥವಾ ಇದ್ದಷ್ಟೇ ಉಳಿಯುತ್ತದೆ. ಅಡಿಕೆ ರಾಶಿಯ ಮುಂದೆ ಕೂತ ಎಪ್ಪತ್ತರ ಹಿರಿಯರ ಕೈ ರಾಶಿ, ಬೆಟ್ಟೆ, ಗೊರಬಲು ಎಂದು ತಡವಿಲ್ಲದೆ ಬೇರೆ ಮಾಡುತ್ತದೆ. ಅದೇ ಕೈ ಮೊಬೈಲಿನಲ್ಲಿ ಹಣ ಕಳಿಸುವಾಗ ತಡವರಿಸುತ್ತದೆ. ಒಂದೇ ಮನುಷ್ಯ, ಎರಡು ಬಗೆಯ ಬುದ್ಧಿ.

ಬೆಂಗಳೂರಿಂದ ಬಂದ ಮಗ ಮೊಬೈಲ್ ಕಸಿದು ತಾನೇ ಪಟಪಟ ಒತ್ತಿ ‘ಇಷ್ಟೇ ಅಪ್ಪಯ್ಯ’ ಎಂದರೆ ಏನೂ ಕಲಿಸಿದಂತಾಗಲಿಲ್ಲ. ಒಂದು ದಿನಕ್ಕೆ ಒಂದೇ ಕೆಲಸ. ಒತ್ತುವ ಬೆರಳು ಅವರದ್ದೇ ಇರಲಿ. ಹೆಜ್ಜೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ ಮಾಡಿಸಿ, ಒಟ್ಟಿಗೆ ಹತ್ತು ಸಲ ಬೇಡ. ಕಲಿಯಲು ಹೊತ್ತು ಹೆಚ್ಚು ಹಿಡಿಯುತ್ತದೆ, ಕಲಿತದ್ದು ಉಳಿಯುತ್ತದೆ.

ಕೆಲವೇ ಜನರ ಜೊತೆ ಒಡನಾಟ ಸಾಕು ಎನ್ನಿಸುವುದೂ ಈ ವಯಸ್ಸಿಗೆ ಸಹಜ. ಉಳಿದ ಕಾಲ ಕಡಿಮೆ ಎಂದು ತಿಳಿದಾಗ ಮನಸ್ಸು ಹತ್ತಿರದವರನ್ನು ಆರಿಸಿಕೊಳ್ಳುತ್ತದೆ ಎಂದು ಲಾರಾ ಕಾರ್ಸ್ಟೆನ್ಸನ್ ವಿವರಿಸಿದ್ದಾರೆ. ಬೇಕೆಂದು ಆರಿಸಿದ ಏಕಾಂತ ಬೇರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಬಾರದ ಮನೆಯಲ್ಲಿ ಇಬ್ಬರೇ ಉಳಿಯುವುದು ಬೇರೆ. ದೂರದ ಮಕ್ಕಳು ದಿನವೂ ನಿಗದಿತ ಹೊತ್ತಿಗೆ ಫೋನ್ ಮಾಡಿದರೆ ಆ ದಿನಕ್ಕೊಂದು ಕಂಬ ನೆಟ್ಟಂತೆ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಹಾಕಿಸಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ನಾವು ಸರಿಪಡಿಸಬಹುದಾದ 14 ಕಾರಣಗಳಲ್ಲಿ ಶ್ರವಣದೋಷವೂ ಒಂದು. ರಕ್ತದೊತ್ತಡ, ಸಕ್ಕರೆ, ತಂಬಾಕು, ಒಂಟಿತನವೂ ಅದರಲ್ಲಿವೆ.

ಈಗ ಎರಡನೇ ಗಾದೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಜನರಿಗೆ ಇಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು, ಹೆಸರು ನಾಲಿಗೆ ತುದಿಯಲ್ಲಿ ನಿಂತು ಆಮೇಲೆ ನೆನಪಾಗುವುದು ವಯಸ್ಸಿನದು. ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಗುವುದು, ನಲವತ್ತು ವರ್ಷ ಮಾಡಿದ ಕಡುಬಿಗೆ ಹಿಟ್ಟು ಹುರಿಯುವುದು ಮೊದಲೋ ನೀರು ಕುದಿಸುವುದು ಮೊದಲೋ ಎಂದು ನಿಂತುಬಿಡುವುದು, ಸ್ವಂತ ತೋಟದಿಂದ ಮನೆಗೆ ದಾರಿ ತಪ್ಪುವುದು ಕಾಯಿಲೆಯ ಸೂಚನೆ.

ಮೂರು ಸ್ಥಿತಿಗಳನ್ನು ಒಂದಕ್ಕೊಂದು ಬೆರೆಸಬಾರದು, ಏಕೆಂದರೆ ಮಾಡಬೇಕಾದ್ದು ಮೂರಕ್ಕೂ ಬೇರೆ. ಡಿಮೆನ್ಶಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ರೋಗಿ ಮರೆತದ್ದನ್ನು ಮುಚ್ಚಲು ನೋಡುತ್ತಾರೆ. ಖಿನ್ನತೆ ವಾರಗಳಲ್ಲಿ ಬರುತ್ತದೆ. ‘ನಂಗೇನೂ ನೆನಪಿರಲ್ಲ’ ಎಂದು ತಾವೇ ದೂರುತ್ತಾರೆ, ಹಸಿವು, ನಿದ್ದೆ ಕೆಡುತ್ತದೆ, ಔಷಧಿಯಿಂದ ಬಹಳ ಮಟ್ಟಿಗೆ ಸರಿಹೋಗುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬಂದು, ಬೆಳಗ್ಗೆ ಸರಿ, ಸಂಜೆ ಇಲ್ಲದವರ ಜೊತೆ ಮಾತು ಎಂಬಂತಿದ್ದರೆ ಅದು ಸನ್ನಿ, ಅಂದರೆ ಡೆಲಿರಿಯಂ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿಕೆ, ಹೊಸ ಮಾತ್ರೆ ಇದಕ್ಕೆ ಸಾಮಾನ್ಯ ಕಾರಣ. ಇದು ಆವತ್ತೇ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ತಲೆಗೆ ಪೆಟ್ಟಾಗಿದ್ದರೆ ಇನ್ನೊಂದು ಎಚ್ಚರ ಬೇಕು: ತಲೆಬುರುಡೆಯೊಳಗೆ ನಿಧಾನಕ್ಕೆ ಜಿನುಗಿದ ರಕ್ತ ಎರಡು ಮೂರು ವಾರದ ಮೇಲೆ ಮಂಪರು, ಮರೆವು ತರಬಹುದು. ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿದರೆ ಇಷ್ಟೆಲ್ಲ ತಪ್ಪುತ್ತದೆ. ಮರೆವು ಎಂದು ಹೋದವರಿಗೆ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಲೇಬೇಕು. ಇವೆರಡರ ಕೊರತೆಯಿಂದ ಬಂದ ಮರೆವಿಗೆ ಔಷಧಿ ಇದೆ.

ಡಿಮೆನ್ಶಿಯಾವೇ ಎಂದು ಗೊತ್ತಾದ ಮೇಲೆ ಮನೆಯವರು ಸೋಲುವುದು ವಾದದಲ್ಲಿ. ಹೊಸ ನೆನಪು ನಿಲ್ಲುವುದಿಲ್ಲ, ಹಳೆಯದು ಉಳಿಯುತ್ತದೆ. ಅದರಲ್ಲೂ ಹತ್ತರಿಂದ ಮೂವತ್ತರ ನಡುವಿನ ನೆನಪು ಎಲ್ಲರಲ್ಲೂ ದಟ್ಟ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರಿನಲ್ಲಿ ಊರು ಮುಳುಗಿ ಶರಾವತಿ ಕಣಿವೆಯಿಂದ ಎದ್ದು ಬಂದಾಗ ಹದಿನೇಳು ಹದಿನೆಂಟರಲ್ಲಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಅಂಥ ಅಜ್ಜ ತನ್ನದೇ ಮನೆಯ ಜಗಲಿಯಲ್ಲಿ ಎದ್ದು ನಿಂತು ‘ಮನೆಗೆ ಹೋಗ್ಬೇಕು, ಕತ್ತಲಾಗ್ತದೆ’ ಎನ್ನುತ್ತಾರೆ. ‘ಇದೇ ಮನೆ’ ಎಂದರೆ ಸಿಟ್ಟು ಬರುತ್ತದೆ. ‘ಅದು ಮುಳುಗಡೆ ಆಯ್ತಲ್ಲ’ ಎಂದರೆ ಅದೇ ಮೊದಲ ಸಲ ಕೇಳಿದವರಂತೆ ಅಳುತ್ತಾರೆ, ನಾಳೆ ಸಂಜೆ ಮತ್ತೆ ಹೇಳಿದರೆ ಮತ್ತೆ ಅಳುತ್ತಾರೆ. ಮೊದಲು ಜಗಲಿಯ ದೀಪ ಹಾಕಿ. ಮಬ್ಬು ಬೆಳಕು ಗೊಂದಲ ಹೆಚ್ಚಿಸುತ್ತದೆ. ಹಸಿವೋ, ಮೂತ್ರದ ಅವಸರವೋ ಇದೆಯೇ ನೋಡಿ. ಕೈ ಹಿಡಿದು ಪಕ್ಕದಲ್ಲಿ ಕೂರಿ. ‘ಆ ಮನೆಗೆ ಹೊಳೆ ಕಡೆಯಿಂದ ಹೋಗೋದಾ, ಗದ್ದೆ ಬದಿಯಿಂದಾ ಅಜ್ಜಯ್ಯ?’ ಎಂದು ಕೇಳಿ. ದಾರಿ ಹೇಳತೊಡಗುತ್ತಾರೆ. ದಣಪೆ ದಾಟಿ, ಹಲಸಿನ ಮರದ ಬುಡದಲ್ಲಿ ಬಲಕ್ಕೆ, ಆಮೇಲೆ ಕೊಟ್ಟಿಗೆ. ಅಷ್ಟು ಹೊತ್ತಿಗೆ ಕಾಫಿ ಬರುತ್ತದೆ.